ಸಾಕ್ಷಿಗೊಂದು ಚೀಟಿ: ಅರಿಝೋನಾದ ಜ್ಯೂರಿ ಪೆಟ್ಟಿಗೆಯಿಂದ

ಅರಿಝೋನಾದಲ್ಲಿ ಕ್ರಿಮಿನಲ್ ಕೇಸಿನ ಜ್ಯೂರಿಗೆ, ಅಂದರೆ ಕೇಸು ಕೇಳಿ ತೀರ್ಪು ಕೊಡುವ ಸಾಮಾನ್ಯ ನಾಗರಿಕರ ತಂಡಕ್ಕೆ, ಆಯ್ಕೆಯಾದವರಿಗೆ ಮೊದಲ ದಿನವೇ ಬ್ಯಾಡ್ಜು, ಟಿಪ್ಪಣಿ ಪುಸ್ತಕ, ಪೆನ್ನು ಕೊಡುತ್ತಾರೆ. ಜೊತೆಗೆ ಪ್ರಶ್ನೆ ಬರೆಯಲು ಹಾಳೆ. ಮೊದಲ ಮೂರು ಅಮೆರಿಕದ ಬಹಳಷ್ಟು ಕೋರ್ಟುಗಳಲ್ಲಿ ಸಿಗುತ್ತವೆ, ನಾಲ್ಕನೆಯದು ಸಿಗುವುದು ಕೆಲವು ಕಡೆ ಮಾತ್ರ. ಕಟಕಟೆಯಲ್ಲಿ ಕೂತ ಸಾಕ್ಷಿಯನ್ನು ಇಬ್ಬರು ವಕೀಲರೂ ಕೇಳಿ ಮುಗಿಸಿದ ಮೇಲೆ, ತೀರ್ಪು ಕೊಡಬೇಕಾದ ನಾವೂ ಕೇಳಬಹುದು ಎಂಬುದಕ್ಕೆ ಆ ಹಾಳೆಯೇ ಪರವಾನಗಿ.

1995ರ ಡಿಸೆಂಬರ್ 1ರಂದು ಜಾರಿಯಾದ ಜ್ಯೂರಿ ಸುಧಾರಣೆಗಳ ಜೊತೆ ಇದು ಕ್ರಿಮಿನಲ್ ನಡಾವಳಿಯ ನಿಯಮವಾಯಿತು. ಈಗಲೂ ನಿಯಮ 18.6ರಲ್ಲಿದೆ. ಅದರ ಪ್ರಕಾರ, ಸಾಕ್ಷಿಗಾಗಲಿ ಕೋರ್ಟಿಗಾಗಲಿ ಬರವಣಿಗೆಯಲ್ಲಿ ಪ್ರಶ್ನೆ ಸಲ್ಲಿಸಬಹುದು ಎಂದು ನ್ಯಾಯಾಧೀಶರು ಜ್ಯೂರಿಗೆ ತಿಳಿಸಲೇಬೇಕು. ಜ್ಯೂರಿಯ ಕಿವಿಗೆ ಬೀಳದಂತೆ ತಕರಾರು ಎತ್ತಲು ಎರಡೂ ಕಡೆಯ ವಕೀಲರಿಗೆ ಅವಕಾಶ ಕೊಡಬೇಕು. ಸರಿಯಾದ ಕಾರಣವಿದ್ದರೆ ನ್ಯಾಯಾಧೀಶರು ಪ್ರಶ್ನೆಗಳಿಗೆ ಮಿತಿ ಹಾಕಬಹುದು, ಪೂರ್ತಿ ನಿಲ್ಲಿಸಲೂಬಹುದು. ಇಂಡಿಯಾನಾ ಮತ್ತು ಕೊಲೊರಾಡೊದಲ್ಲೂ ಹೀಗೇ ಇದೆ. ಕೊಲೊರಾಡೊದ ಕ್ರಿಮಿನಲ್ ಕೋರ್ಟುಗಳಿಗೆ ಈ ನಿಯಮ ಬಂದದ್ದು 2004ರಲ್ಲಿ. ಟೆಕ್ಸಸ್ 1992ರಲ್ಲಿ, ಮಿಸಿಸಿಪಿ 1998ರಲ್ಲಿ, ಮಿನೆಸೋಟ 2002ರಲ್ಲಿ ಕ್ರಿಮಿನಲ್ ಕೇಸುಗಳಲ್ಲಿ ಇದು ಕೂಡದು ಎಂದು ತೀರ್ಪು ಕೊಟ್ಟಿವೆ. ಇಲಿನಾಯ್ 2012ರಿಂದ ಅವಕಾಶ ಕೊಟ್ಟಿರುವುದು ಸಿವಿಲ್ ಕೇಸುಗಳಿಗೆ ಮಾತ್ರ. ಫೆಡರಲ್ ಕೋರ್ಟುಗಳಲ್ಲಿ ಆಯಾ ನ್ಯಾಯಾಧೀಶರ ವಿವೇಚನೆ. ಹಾಗಾಗಿ ಫೀನಿಕ್ಸ್‌ನಲ್ಲೇ ಕೌಂಟಿ (ಜಿಲ್ಲಾ) ಕೋರ್ಟಿನ ಜ್ಯೂರಿಗೆ ಹಕ್ಕಾಗಿ ಸಿಗುವ ಹಾಳೆ, ಅದೇ ಊರಿನ ಫೆಡರಲ್ ಕೋರ್ಟಿನಲ್ಲಿ ಸಿಗದೆಯೂ ಇರಬಹುದು.

ಈ ಭಾಗದಲ್ಲಿ ನೆಲೆಸಿದ ಕನ್ನಡಿಗರಿಗೆ ಮೊದಲು ಬರುವುದು ಅಂಚೆಯಲ್ಲಿ ಸಮನ್ಸು. ಡ್ರೈವಿಂಗ್ ಲೈಸೆನ್ಸ್ ಪಟ್ಟಿಯಿಂದಲೂ ಹೆಸರು ಎತ್ತುವುದರಿಂದ ಗ್ರೀನ್ ಕಾರ್ಡಿನವರಿಗೂ ವೀಸಾದವರಿಗೂ ಇದು ಬರುತ್ತದೆ. ಅವರು ನಾಗರಿಕರಲ್ಲ ಎಂಬ ಕಡೆ ಗುರುತು ಹಾಕಿ ವಾಪಸು ಕಳಿಸಬೇಕು. ಸುಮ್ಮನೆ ಎತ್ತಿಡುವುದೂ ತಪ್ಪು, ಕುತೂಹಲಕ್ಕೆಂದು ನಾಗರಿಕರೆಂದು ಬರೆದು ಹೋಗಿ ಕೂರುವುದಂತೂ ಮುಂದೆ ವಲಸೆ ಅರ್ಜಿಗೇ ಕುತ್ತು ತರುವ ಕೆಲಸ. ಪೌರತ್ವ ಪಡೆದವರು ಹೋಗಬೇಕು. ಆಯ್ಕೆಯ ಹಂತದ ಬಗ್ಗೆ ಒಂದೇ ಮಾತು: 2022ರ ಜನವರಿ 1ರಿಂದ ಅರಿಝೋನಾದಲ್ಲಿ ವಕೀಲರು ಕಾರಣ ಹೇಳದೆ ಯಾರನ್ನೂ ಜ್ಯೂರಿಯಿಂದ ಬಿಡಿಸುವಂತಿಲ್ಲ. ಅದಕ್ಕೇ ಆಯ್ಕೆಯ ವೇಳೆ ನಮ್ಮನ್ನು ಕೇಳುವ ಪ್ರಶ್ನೆಗಳು ಈಗ ಉದ್ದವಾಗಿವೆ. 30 ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಜೈಲು, ಇಲ್ಲವೇ ಮರಣದಂಡನೆ ಆಗಬಹುದಾದ ಕೇಸಿಗೆ 12 ಜನ, ಸುಪೀರಿಯರ್ ಕೋರ್ಟಿನ (ಕೌಂಟಿ ಕೋರ್ಟಿನ) ಉಳಿದ ಕ್ರಿಮಿನಲ್ ಕೇಸುಗಳಿಗೆ 8 ಜನ, ಸಿಟಿ ಕೋರ್ಟಿನಲ್ಲಿ 6 ಜನ. ಎಲ್ಲದರಲ್ಲೂ ತೀರ್ಪು ಒಮ್ಮತದ್ದಾಗಿರಬೇಕು.

ಚೀಟಿ ಸಾಗುವ ದಾರಿಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಜ್ಯೂರಿ ಪ್ರಶ್ನೆ ಕೇಳಬಹುದೇ ಬಾರದೇ ಎಂಬ ಇಡೀ ವಾದಕ್ಕೆ ಉತ್ತರ ಅಲ್ಲೇ ಇದೆ.

ಸಾಕ್ಷಿಯನ್ನು ಕರೆದ ವಕೀಲರು ಮುಖ್ಯ ವಿಚಾರಣೆ ಮಾಡುತ್ತಾರೆ, ಎದುರಿನವರು ಪಾಟಿ ಸವಾಲು ಮಾಡುತ್ತಾರೆ, ಮೊದಲಿನವರು ಮರು ವಿಚಾರಣೆ ಮಾಡುತ್ತಾರೆ. ಅಲ್ಲಿಯವರೆಗೆ ನಾವು ಬಾಯಿ ತೆರೆಯುವಂತಿಲ್ಲ, ಹಾಳೆಯ ಮೇಲೆ ಬರೆದಿಟ್ಟುಕೊಳ್ಳಬಹುದು ಅಷ್ಟೆ. ಮೊದಲ ಹತ್ತು ನಿಮಿಷದಲ್ಲಿ ಬರೆದ ಪ್ರಶ್ನೆಗೆ ಪಾಟಿ ಸವಾಲಿನಲ್ಲೇ ಉತ್ತರ ಬಂದುಬಿಡುವುದು ಬಹಳ ಸಾಮಾನ್ಯ. ಆದ್ದರಿಂದ ಮೊದಲು ಟಿಪ್ಪಣಿ ಪುಸ್ತಕದ ಅಂಚಿನಲ್ಲಿ ಬರೆದು, ಉತ್ತರ ಬಂದರೆ ಹೊಡೆದುಹಾಕಿ, ಉಳಿದದ್ದನ್ನಷ್ಟೇ ಹಾಳೆಗೆ ಇಳಿಸುವುದು ಒಳ್ಳೆಯದು. ಮರು ವಿಚಾರಣೆ ಮುಗಿದೊಡನೆ ನ್ಯಾಯಾಧೀಶರು ನಮ್ಮತ್ತ ತಿರುಗಿ, ಜ್ಯೂರಿಯಿಂದ ಪ್ರಶ್ನೆಗಳಿವೆಯೇ ಎಂದು ಕೇಳುತ್ತಾರೆ. ಬೇಲಿಫ್ (ಜ್ಯೂರಿಯನ್ನು ನೋಡಿಕೊಳ್ಳುವ ಕೋರ್ಟಿನ ಸಿಬ್ಬಂದಿ) ಹಾಳೆಗಳನ್ನು ತೆಗೆದುಕೊಂಡು ಹೋಗಿ ಅವರ ಮುಂದೆ ಇಡುತ್ತಾರೆ. ಹಾಳೆಯ ಮೇಲೆ ಸಹಿ ಹಾಕಬಾರದು, ಪಕ್ಕದವರಿಗೆ ತೋರಿಸಬಾರದು. ತೋರಿಸಿದರೆ ಅದು ಅಲ್ಲಿಗೇ ಕೇಸಿನ ಚರ್ಚೆಯಾಗುತ್ತದೆ. ಅರಿಝೋನಾದ ಸಿವಿಲ್ ಜ್ಯೂರಿ ಕೇಸು ನಡೆಯುವಾಗಲೇ ತನ್ನ ಕೋಣೆಯಲ್ಲಿ ಸಾಕ್ಷ್ಯದ ಬಗ್ಗೆ ಮಾತಾಡಿಕೊಳ್ಳಬಹುದು. ಕ್ರಿಮಿನಲ್ ಜ್ಯೂರಿ ಎಲ್ಲ ಮುಗಿಯುವವರೆಗೆ ತಮ್ಮತಮ್ಮಲ್ಲೂ ತುಟಿ ಬಿಚ್ಚಬಾರದು.

ಆಮೇಲೆ ಇಬ್ಬರು ವಕೀಲರೂ ನ್ಯಾಯಾಧೀಶರ ಮೇಜಿನ ಬಳಿ ಹೋಗುತ್ತಾರೆ. ಅವರ ಮಾತು ನಮಗೆ ಕೇಳದಿರಲೆಂದು ಸ್ಪೀಕರಿನಲ್ಲಿ ಬುಸ್ಸೆನ್ನುವ ಸದ್ದು ಹಾಕುತ್ತಾರೆ. ಒಂದೊಂದೇ ಹಾಳೆ ಓದಿ, ಸರ್ಕಾರಿ ವಕೀಲರ ತಕರಾರು ಇದೆಯೇ, ಆರೋಪಿ ಪರ ವಕೀಲರ ತಕರಾರು ಇದೆಯೇ ಎಂದು ಕೇಳಿ ತೀರ್ಮಾನವಾಗುತ್ತದೆ. ಸದ್ದು ನಿಂತ ಮೇಲೆ ನ್ಯಾಯಾಧೀಶರೇ ಪ್ರಶ್ನೆಯನ್ನು ಸಾಕ್ಷಿಗೆ ಓದಿ ಹೇಳುತ್ತಾರೆ, ಬೇಕಾದರೆ ಮಾತನ್ನು ಸ್ವಲ್ಪ ತಿದ್ದುತ್ತಾರೆ. ಸಾಕ್ಷಿ ಉತ್ತರಿಸಿದ ಮೇಲೆ ಆ ವಿಷಯದ ಮಟ್ಟಿಗೆ ಎರಡೂ ಕಡೆಯವರು ಮುಂದುವರಿದು ಕೇಳಬಹುದು. ಕೇಳಿದ್ದಾಗಲಿ ಬಿಟ್ಟದ್ದಾಗಲಿ, ಎಲ್ಲ ಹಾಳೆಗಳೂ ಕಡತ ಸೇರುತ್ತವೆ. ನಮ್ಮ ಟಿಪ್ಪಣಿ ಪುಸ್ತಕಗಳನ್ನು ಮಾತ್ರ ತೀರ್ಪಿನ ನಂತರ ವಾಪಸು ಪಡೆದು ನಾಶ ಮಾಡುತ್ತಾರೆ.

ಇನ್ನು ಬರೆಯುವ ಬಗೆ. ಒಂದು ಹಾಳೆಗೆ ಒಂದೇ ಪ್ರಶ್ನೆ, ಒಂದು ಪ್ರಶ್ನೆಯಲ್ಲಿ ಒಂದೇ ಸಂಗತಿ. ಎರಡನ್ನು ಹೊಲಿದರೆ, ಒಂದರ ಮೇಲಿನ ತಕರಾರು ಇನ್ನೊಂದನ್ನೂ ಕೊಂದುಹಾಕುತ್ತದೆ. ಫೋಟೊ, ನಕ್ಷೆ, ವರದಿಯ ಬಗ್ಗೆ ಕೇಳುವುದಾದರೆ ಕೋರ್ಟು ಅದಕ್ಕೆ ಕೊಟ್ಟ ಎಕ್ಸಿಬಿಟ್ ನಂಬರು ಹಾಕಬೇಕು. ಸಾಕ್ಷಿ ತಾನೇ ಕಂಡದ್ದು, ಮಾಡಿದ್ದು, ಅಳೆದದ್ದರ ಬಗ್ಗೆ ಮಾತ್ರ ಕೇಳಬೇಕು. ಅಭಿಪ್ರಾಯ ಕೇಳಬಹುದಾದದ್ದು ತಜ್ಞರನ್ನು, ಅದೂ ಅವರ ವಿಷಯದ ಒಳಗೆ. "ನಿಜ ಹೇಳಿ", "ಹಾಗಿದ್ದ ಮೇಲೆ ಇದು ಹೇಗೆ ಸಾಧ್ಯ" ಎಂಬ ಧಾಟಿ ಬೇಡ. ಅಂಥ ಒಂದು ವಾಕ್ಯ ನ್ಯಾಯಾಧೀಶರ ಬಾಯಿಂದ ಹೊರಬಿದ್ದರೆ, ಜ್ಯೂರಿಯಲ್ಲಿ ಯಾರೋ ಒಬ್ಬರು ಆಗಲೇ ಪಕ್ಷ ಹಿಡಿದಿದ್ದಾರೆ ಎಂದು ಕೋರ್ಟಿನಲ್ಲಿರುವ ಎಲ್ಲರಿಗೂ ಗೊತ್ತಾಗುತ್ತದೆ.

ಕುಡಿದು ವಾಹನ ಓಡಿಸಿದ ಒಂದು ಮಾಮೂಲಿ ಕೇಸನ್ನು ಇಟ್ಟುಕೊಂಡು ನೋಡೋಣ. ಇಲ್ಲಿಯ ಕಾನೂನಿನಲ್ಲಿ ಎರಡು ಬೇರೆ ಆರೋಪಗಳಿವೆ. ಒಂದು, ಮದ್ಯದಿಂದ ಕೊಂಚವಾದರೂ ಸ್ವಾಧೀನ ತಪ್ಪಿದ್ದಾಗ ಓಡಿಸಿದ್ದು. ಇನ್ನೊಂದು, ಓಡಿಸಿದ ಎರಡು ಗಂಟೆಯೊಳಗೆ ರಕ್ತದಲ್ಲಿ ಮದ್ಯದ ಪ್ರಮಾಣ 0.08 ಅಥವಾ ಅದಕ್ಕಿಂತ ಹೆಚ್ಚು ಇದ್ದದ್ದು. ರಕ್ತವನ್ನು ಬೂದು ಮುಚ್ಚಳದ ನಳಿಕೆಯಲ್ಲಿ ತೆಗೆಯುತ್ತಾರೆ. ಅದರೊಳಗೆ ರಕ್ತ ಕೆಡದಿರಲು ಸೋಡಿಯಂ ಫ್ಲೋರೈಡ್, ಹೆಪ್ಪುಗಟ್ಟದಿರಲು ಪೊಟ್ಯಾಸಿಯಂ ಆಕ್ಸಲೇಟ್ ಪುಡಿ ಇರುತ್ತದೆ. ಪ್ರಯೋಗಾಲಯದಲ್ಲಿ ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಯಂತ್ರದಲ್ಲಿ ಎರಡು ಸಲ ಪರೀಕ್ಷಿಸುತ್ತಾರೆ, ಎರಡು ಅಂಕಿಗಳ ನಡುವಿನ ಅಂತರ ಶೇ. 5ರೊಳಗೆ ಇರಬೇಕು. ಪರೀಕ್ಷೆ ಮಾಡಿದವರು ಸಾಕ್ಷಿಯಾಗಿ ಬಂದು ಕೊನೆಯ ಅಂಕಿಯನ್ನಷ್ಟೇ ಹೇಳಿದಾಗ, "ಎರಡು ಪರೀಕ್ಷೆಗಳಲ್ಲಿ ಬಂದ ಅಂಕಿಗಳು ಎಷ್ಟೆಷ್ಟು?" ಎಂದು ಕೇಳಿದರೆ ಅದು ಒಳ್ಳೆಯ ಪ್ರಶ್ನೆ. "ನಳಿಕೆ ನಿಮ್ಮ ಕೈಗೆ ಬಂದಾಗ ಸೀಲು ಹೇಗಿತ್ತು?" ಎಂಬುದೂ ಒಳ್ಳೆಯದೇ. "ರಸ್ತೆಯ ಬದಿ ನಡೆಸಿ ನೋಡಿದಾಗ ಆತ ತೂರಾಡುತ್ತಿದ್ದನೇ?" ಎಂದು ಪ್ರಯೋಗಾಲಯದವರನ್ನು ಕೇಳಿ ಪ್ರಯೋಜನವಿಲ್ಲ, ಅವರು ಅಲ್ಲಿರಲೇ ಇಲ್ಲ. "ಈತ ಹಿಂದೆಯೂ ಹೀಗೆ ಸಿಕ್ಕಿಬಿದ್ದಿದ್ದನೇ?" ಎಂಬ ಚೀಟಿ ನ್ಯಾಯಾಧೀಶರ ಮೇಜು ದಾಟುವುದಿಲ್ಲ.

ದಾಟದ ಚೀಟಿಗಳಿಗೆ ಕಾರಣಗಳು ಬೇರೆಬೇರೆ. ಹಳೆಯ ಅಪರಾಧ ತಿಳಿದರೆ, ಆಗ ಮಾಡಿದವನು ಈಗಲೂ ಮಾಡಿರಬೇಕು ಎಂದು ಮನಸ್ಸು ವಾಲುತ್ತದೆ. ಸ್ಥಳದಲ್ಲಿದ್ದ ಇನ್ನೊಬ್ಬರು ಏನೆಂದರು ಎಂದು ಪೊಲೀಸರನ್ನು ಕೇಳಿದರೆ, ಹಾಗೆಂದವರನ್ನು ಪಾಟಿ ಸವಾಲಿಗೆ ಒಳಪಡಿಸುವ ದಾರಿಯೇ ಇರುವುದಿಲ್ಲ. ಆರೋಪಿ ಕಟಕಟೆ ಹತ್ತಲಿಲ್ಲವೇಕೆ ಎಂದು ಕೇಳುವಂತೆಯೇ ಇಲ್ಲ. ಅವರ ಮೌನವನ್ನು ಅವರ ವಿರುದ್ಧ ಬಳಸಬಾರದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1965ರಲ್ಲೇ ಹೇಳಿದೆ. ಶಿಕ್ಷೆ ಎಷ್ಟು ಆಗುತ್ತದೆ ಎಂಬುದೂ ನಮ್ಮ ಕಿವಿಗೆ ಬೀಳಬಾರದು. ಕೆಲವು ಪ್ರಶ್ನೆಗಳು ನಿಯಮದ ಪ್ರಕಾರ ಸರಿಯಾಗಿದ್ದರೂ, ಉತ್ತರ ಹೇಳಬೇಕಾದ ಸಾಕ್ಷಿ ನಾಳೆ ಬರುವವರಿದ್ದಾರೆಂದು ಬದಿಗಿಡುತ್ತಾರೆ. ಇನ್ನು ಕೆಲವು, ವಿಚಾರಣೆಗೆ ಮುಂಚೆಯೇ ಕೋರ್ಟು ಹೊರಗಿಟ್ಟ ಸಾಕ್ಷ್ಯಕ್ಕೆ ತಾಗಿರುತ್ತವೆ. ಹೊರಗಿಟ್ಟಿರುವುದೇ ನಮಗೆ ಗೊತ್ತಿರುವುದಿಲ್ಲ.

ಬಿಟ್ಟ ಪ್ರಶ್ನೆಗೆ ಕಾರಣ ಹೇಳುವುದಿಲ್ಲ. ಜ್ಯೂರಿಯಲ್ಲಿ ಕೂತವರಿಗೆ ಅತಿ ಕಷ್ಟದ ಗಳಿಗೆ ಇದು. ಬರೆದವರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ, ಕೇಳದೆ ಬಿಟ್ಟದ್ದಕ್ಕೆ ಯಾವ ಅರ್ಥವನ್ನೂ ಹಚ್ಚಬೇಡಿ ಎಂದು ನ್ಯಾಯಾಧೀಶರು ಮೊದಲೇ ಸೂಚನೆ ಕೊಟ್ಟಿರುತ್ತಾರೆ. ಆದರೂ ಮನಸ್ಸು ಅಲ್ಲೇ ಸುತ್ತುತ್ತದೆ. ಇದು ಪ್ರಶ್ನೆಗಳಿಗೆ ಅವಕಾಶ ಕೊಡಬಾರದು ಎನ್ನುವವರ ಒಂದು ವಾದ: ಕೇಳದೆ ಬಿಟ್ಟ ಪ್ರಶ್ನೆಗೆ ಜ್ಯೂರಿ ತಾನೇ ಉತ್ತರ ಕಟ್ಟಿಕೊಳ್ಳುತ್ತದೆ ಎಂಬುದು. ಟೂಸಾನ್ ಇರುವ ಪೀಮಾ ಕೌಂಟಿಯಲ್ಲಿ 50 ಸಿವಿಲ್ ಜ್ಯೂರಿಗಳ ಒಳಗಿನ ಚರ್ಚೆಯನ್ನೇ ಕೋರ್ಟಿನ ಒಪ್ಪಿಗೆಯಿಂದ ವಿಡಿಯೊ ಮಾಡಿ ಸಂಶೋಧಕರು ಅಭ್ಯಾಸ ಮಾಡಿದ್ದಾರೆ. ಅಲ್ಲಿ ಜ್ಯೂರರ್‌ಗಳು ಬರೆದ ಪ್ರಶ್ನೆಗಳಲ್ಲಿ ಸುಮಾರು ಮುಕ್ಕಾಲು ಪಾಲನ್ನು ನ್ಯಾಯಾಧೀಶರು ಕೇಳಲು ಬಿಟ್ಟಿದ್ದರು. ಕೇಳದೆ ಉಳಿದವಕ್ಕೆ ಜ್ಯೂರಿ ಜೋತುಬಿದ್ದದ್ದು ಅಷ್ಟಾಗಿ ಕಾಣಲಿಲ್ಲ. ಸಿವಿಲ್ ಕೇಸಿನ ಅನುಭವ ಕ್ರಿಮಿನಲ್ ಕೇಸಿಗೆ ಇದ್ದಹಾಗೇ ಒಪ್ಪುತ್ತದೆ ಎನ್ನಲಾಗದು, ಆದರೂ ಈ ಹೆದರಿಕೆ ಇರಬೇಕಾದ್ದಕ್ಕಿಂತ ದೊಡ್ಡದಾಗಿದೆ ಎಂದೇ ನಮ್ಮ ಎಣಿಕೆ.

ನಿಜವಾಗಿ ತೂಕವಿರುವ ತಕರಾರು ಬೇರೆ ಇದೆ. ಅದೇ ಕೇಸಿಗೆ ವಾಪಸು ಬರೋಣ. ಎರಡು ಗಂಟೆಯೊಳಗೆ 0.08 ಎಂಬ ಆರೋಪ ನಿಲ್ಲಬೇಕಾದರೆ ಕಾರು ನಿಲ್ಲಿಸಿದ ಹೊತ್ತೂ ರಕ್ತ ತೆಗೆದ ಹೊತ್ತೂ ಎರಡೂ ದಾಖಲೆಗೆ ಬರಬೇಕು. ಸರ್ಕಾರಿ ವಕೀಲರು ರಕ್ತ ತೆಗೆದ ಹೊತ್ತನ್ನು ಕೇಳಿದರು, ಕಾರು ನಿಲ್ಲಿಸಿದ ಹೊತ್ತನ್ನು ಕೇಳುವುದು ಮರೆತರು ಎಂದಿಟ್ಟುಕೊಳ್ಳಿ. ಆರೋಪಿ ಪರ ವಕೀಲರಿಗೆ ಅದು ತಕ್ಷಣ ಗೊತ್ತಾಗುತ್ತದೆ, ಗೊತ್ತಾಗಿಯೇ ಅವರು ಸುಮ್ಮನಿರುತ್ತಾರೆ. ಸುಮ್ಮನಿರುವುದು ಅವರ ಹಕ್ಕು. ರುಜುವಾತಿನ ಹೊಣೆ ಪೂರ್ತಿ ಸರ್ಕಾರದ್ದು. ಆಗ ಜ್ಯೂರಿಯಿಂದ ಒಂದು ಚೀಟಿ ಬರುತ್ತದೆ: "ನೀವು ಕಾರು ನಿಲ್ಲಿಸಿದಾಗ ಎಷ್ಟು ಗಂಟೆಯಾಗಿತ್ತು?" ಮೇಲೆ ಹೇಳಿದ ಎಲ್ಲ ಲಕ್ಷಣಗಳೂ ಈ ಪ್ರಶ್ನೆಗಿವೆ. ಒಂದೇ ಸಂಗತಿ, ಸಾಕ್ಷಿ ಸ್ವತಃ ಬಲ್ಲ ಸಂಗತಿ, ಧಾಟಿಯಲ್ಲಿ ಯಾವ ವಾಲಾಟವೂ ಇಲ್ಲ. ಸಾಕ್ಷ್ಯದ ಯಾವ ನಿಯಮವೂ ಇದನ್ನು ತಡೆಯುವುದಿಲ್ಲ. ಆದರೆ ಉತ್ತರ ಬಂದೊಡನೆ, ಬಿದ್ದುಹೋಗಬೇಕಾಗಿದ್ದ ಒಂದು ಆರೋಪ ಎದ್ದು ನಿಲ್ಲುತ್ತದೆ. ಸರ್ಕಾರದ ಕೆಲಸವನ್ನು ಜ್ಯೂರಿ ಮಾಡಿಕೊಟ್ಟಂತಾಯಿತು. ಕ್ರಿಮಿನಲ್ ಕೇಸಿನಲ್ಲಿ ಪ್ರಶ್ನೆ ಬೇಡವೆನ್ನುವ ಕೋರ್ಟುಗಳ ಮುಖ್ಯ ಅಳುಕು ಇಂಥದೇ: ಅಳೆದು ತೂಗಬೇಕಾದವರು ಒಂದು ಕಡೆಯ ವಕೀಲರಾಗಿಬಿಡುತ್ತಾರೆ, ಇನ್ನೊಂದು ಕಡೆಯವರ ಮೌನಕ್ಕೆ ಬೆಲೆಯೇ ಇಲ್ಲವಾಗುತ್ತದೆ. 1995ರಲ್ಲಿ ನ್ಯೂಯಾರ್ಕಿನ ಫೆಡರಲ್ ಮೇಲ್ಮನವಿ ಕೋರ್ಟೂ ಇದೇ ಕಾರಣಕ್ಕೆ ಈ ಪದ್ಧತಿಯನ್ನು ವಿಶೇಷ ಸಂದರ್ಭಗಳಿಗೆ ಮಾತ್ರ ಸೀಮಿತವಾಗಿಡಿ ಎಂದಿತು.

ಈ ವಾದವನ್ನು ತಳ್ಳಿಹಾಕುವುದು ಪ್ರಾಮಾಣಿಕತೆಯಲ್ಲ. ಅವಕಾಶ ಇರಲೇಬೇಕು ಎನ್ನುವ ನಾವೂ ಇದನ್ನು ಒಪ್ಪುತ್ತೇವೆ. ಅದಕ್ಕೆ ಪರಿಹಾರ ನಿಯಮ 18.6ರಲ್ಲಿರುವ ಆ ಸರಿಯಾದ ಕಾರಣ ಎಂಬ ಮಾತಿನಲ್ಲಿದೆ. ಆರೋಪದ ಒಂದು ಮುಖ್ಯ ಅಂಶವೇ ದಾಖಲೆಯಲ್ಲಿ ಇಲ್ಲ, ಚೀಟಿ ಅದನ್ನೇ ತುಂಬಿಕೊಡುತ್ತದೆ ಎಂದು ಆರೋಪಿ ಪರ ವಕೀಲರು ತೋರಿಸಿಕೊಟ್ಟರೆ, ನ್ಯಾಯಾಧೀಶರು ಆ ಚೀಟಿಯನ್ನು ಬದಿಗಿಡಬೇಕು. ಸಾಕ್ಷಿ ಹೇಳಿದ್ದು ಅರ್ಥವಾಗದೆ ಕೇಳಿದ ಪ್ರಶ್ನೆಗೆ ದಾರಿ ಬಿಡಬೇಕು. ಇವೆರಡರ ನಡುವಿನ ಗೆರೆ ಎಲ್ಲ ಸಲವೂ ಸ್ಪಷ್ಟವಾಗಿರುವುದಿಲ್ಲ. ಆದರೆ ಆ ಗೆರೆ ಎಳೆಯುವ ಕೆಲಸ ನಡೆಯುವುದು ಎರಡೂ ಕಡೆಯ ವಕೀಲರ ಎದುರಿನಲ್ಲಿ, ಅದೂ ಮೇಲ್ಮನವಿಗೆ ಸಿಗುವಂತೆ ದಾಖಲೆಯಲ್ಲಿ.

ಅವಕಾಶವೇ ಇಲ್ಲದ ಕಡೆ ಏನಾಗುತ್ತದೆ ಎಂಬುದನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಪ್ರಶ್ನೆ ಸಾಯುವುದಿಲ್ಲ. ಚರ್ಚೆಯ ಕೋಣೆಗೆ ಬಂದು ಊಹೆಯಾಗುತ್ತದೆ. ಆಸ್ಪತ್ರೆಯಲ್ಲಿ ಕೆಲಸ ಮಾಡಿದ ಒಬ್ಬರು "ಆ ಪುಡಿ ಹಾಕಿದರೆ ಅಂಕಿ ಏರುತ್ತದೆ" ಎಂದೋ "ಏರುವುದೇ ಇಲ್ಲ" ಎಂದೋ ಮೇಜಿನ ಮೇಲೆ ಹೇಳಿಬಿಟ್ಟರೆ, ಉಳಿದವರಿಗೆ ಅದೇ ತಜ್ಞರ ಮಾತು. ಆ ತಜ್ಞರಿಗೆ ಪ್ರಮಾಣ ಬೋಧಿಸಿಲ್ಲ, ಪಾಟಿ ಸವಾಲಿಲ್ಲ, ಅವರು ಹೇಳಿದ್ದು ಆರೋಪಿಗೆ ಎಂದೂ ಗೊತ್ತಾಗುವುದಿಲ್ಲ. ಅದೇ ಸಂದೇಹ ಚೀಟಿಯಾಗಿ ಹೊರಗೆ ಬಂದಿದ್ದರೆ, ಪರೀಕ್ಷೆ ಮಾಡಿದವರೇ ಉತ್ತರಿಸುತ್ತಿದ್ದರು, ಇಬ್ಬರು ವಕೀಲರೂ ಆ ಉತ್ತರವನ್ನು ಜಗ್ಗಿ ನೋಡುತ್ತಿದ್ದರು. ಸಂಶಯಾತೀತವಾಗಿ ಎಂಬ ಅಳತೆಗೋಲನ್ನು ಕೈಗೆ ಕೊಟ್ಟು, ಸಂಶಯವನ್ನು ಮಾತ್ರ ಬಾಯಿಬಿಟ್ಟು ಹೇಳಬೇಡ ಎನ್ನುವುದು ನ್ಯಾಯವಾಗಿ ಕಾಣುವುದಿಲ್ಲ.

ಅತಿಯಾದರೆ ಏನಾಗುತ್ತದೆ ಎಂಬುದಕ್ಕೂ ಅರಿಝೋನಾದ್ದೇ ಉದಾಹರಣೆ ಇದೆ. 2013ರಲ್ಲಿ ಮ್ಯಾರಿಕೋಪಾ ಕೌಂಟಿಯಲ್ಲಿ ಜೋಡಿ ಏರಿಯಸ್ ಎಂಬಾಕೆಯ ಮೇಲೆ ನಡೆದ ಕೊಲೆ ಆರೋಪದ ವಿಚಾರಣೆಯಲ್ಲಿ, ಆರೋಪಿ ತಾನೇ ಕಟಕಟೆ ಹತ್ತಿದ ಮೇಲೆ ಜ್ಯೂರಿಯಿಂದ 200ಕ್ಕೂ ಹೆಚ್ಚು ಪ್ರಶ್ನೆಗಳು ಬಂದವು. ನ್ಯಾಯಾಧೀಶರು ಒಂದೊಂದಾಗಿ ಓದಿದರು, ಅದು ಟಿವಿಯಲ್ಲಿ ನೇರವಾಗಿ ಬಂತು. ಬಹಳಷ್ಟು ಪ್ರಶ್ನೆಗಳ ಧಾಟಿಯಲ್ಲೇ ಅಪನಂಬಿಕೆ ಕಾಣುತ್ತಿತ್ತು. ಜ್ಯೂರಿಯ ಒಲವು ಯಾವ ಕಡೆಗಿದೆ ಎಂದು ವಕೀಲರಿಬ್ಬರಿಗೂ ತೀರ್ಪಿಗೆ ಮುಂಚೆಯೇ ಸುಳಿವು ಸಿಕ್ಕಿತು. ಪಾಟಿ ಸವಾಲು ಮಾಡುವುದು ಜ್ಯೂರಿಯ ಕೆಲಸವಲ್ಲ. ಇಂಥ ಕೇಸುಗಳಲ್ಲಿ, ಆರೋಪಿಗೆ ಹೋಗುವ ಚೀಟಿಗಳ ಮಟ್ಟಿಗಾದರೂ, ನ್ಯಾಯಾಧೀಶರು ಜರಡಿಯ ಕಣ್ಣು ಇನ್ನಷ್ಟು ಸಣ್ಣದು ಮಾಡಬೇಕು.

ನಮ್ಮವರಿಗೆ ಮಾತ್ರ ಎದುರಾಗುವ ಒಂದು ಸಂದರ್ಭ ಇಲ್ಲಿ ಹೇಳಲೇಬೇಕು. ಸಾಕ್ಷಿ ಕನ್ನಡದಲ್ಲೋ ಹಿಂದಿಯಲ್ಲೋ ತೆಲುಗಿನಲ್ಲೋ ಹೇಳುತ್ತಾರೆ, ದುಭಾಷಿ ಇಂಗ್ಲಿಷಿಗೆ ತರುತ್ತಾರೆ. ಮೂಲ ಮಾತು ನಮಗೆ ನೇರವಾಗಿ ಅರ್ಥವಾಗಿಬಿಡುತ್ತದೆ. ಆದರೂ ಸಾಕ್ಷ್ಯವೆಂದು ಎಣಿಸಬೇಕಾದ್ದು ದುಭಾಷಿಯ ಇಂಗ್ಲಿಷನ್ನೇ, ಏಕೆಂದರೆ ಜ್ಯೂರಿಯಲ್ಲಿರುವ ಎಲ್ಲರಿಗೂ ಒಂದೇ ಸಾಕ್ಷ್ಯ ಇರಬೇಕು. "ಹೊಡೆದ" ಎಂದದ್ದು "ತಳ್ಳಿದ" ಎಂದಾಯಿತು ಅನ್ನಿಸಿದರೆ ಪಕ್ಕದವರ ಕಿವಿಯಲ್ಲಿ ಹೇಳುವಂತಿಲ್ಲ, ಚರ್ಚೆಯ ಕೋಣೆಯಲ್ಲಿ ತಿದ್ದುವಂತೆಯೂ ಇಲ್ಲ. ಅದೇ ಹಾಳೆಯಲ್ಲಿ ಸಾಕ್ಷಿಗಲ್ಲದೆ ನ್ಯಾಯಾಧೀಶರಿಗೆಂದು ಬರೆದು ಕೊಡಬೇಕು. ಸಾಕ್ಷಿ ಇನ್ನೂ ಕೂತಿರುವಾಗಲೇ ಕೊಟ್ಟರೆ ಅವರನ್ನೇ ಮತ್ತೆ ಕೇಳಿ ಸರಿಪಡಿಸಬಹುದು.

ಊರಿನ ಕಾನೂನಿನಲ್ಲೂ ಇದು ಬಹುಕಾಲ ಇತ್ತು ಎಂಬುದು ಹೆಚ್ಚಿನವರಿಗೆ ತಿಳಿಯದು. 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 166ನೇ ಕಲಮಿನಲ್ಲಿ, ನ್ಯಾಯಾಧೀಶರ ಮೂಲಕ ಅಥವಾ ಅವರ ಅನುಮತಿ ಪಡೆದು ಜ್ಯೂರಿ ಸಾಕ್ಷಿಯನ್ನು ಪ್ರಶ್ನಿಸಬಹುದು ಎಂದಿತ್ತು. ನ್ಯಾಯಾಧೀಶರು ತಾವೇ ಕೇಳಬಹುದಾದಂಥ, ಅವರಿಗೆ ಸರಿಯೆನಿಸಿದ ಪ್ರಶ್ನೆಯಾಗಿರಬೇಕಿತ್ತು. 1959ರಲ್ಲಿ ನೌಕಾಪಡೆಯ ಅಧಿಕಾರಿ ನಾನಾವತಿ ಮೇಲಿನ ಕೊಲೆ ಕೇಸಿನಲ್ಲಿ 8–1ರಿಂದ ಬಿಡುಗಡೆಯ ತೀರ್ಪು ಕೊಟ್ಟ ಬೊಂಬಾಯಿ ಜ್ಯೂರಿ ಕೂತಿದ್ದಾಗಲೂ ಈ ಕಲಮು ಜಾರಿಯಲ್ಲಿತ್ತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಯೇ ಇಲ್ಲವಾಯಿತು, ಕಲಮು ಮಾತ್ರ ಪುಸ್ತಕದಲ್ಲಿ ಉಳಿದಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದನ್ನೂ ಕೈಬಿಟ್ಟರು. ಹಳೆಯ 165ನೇ ಕಲಮಿನಲ್ಲಿದ್ದ, ನ್ಯಾಯಾಧೀಶರು ಯಾವಾಗ ಬೇಕಾದರೂ ಏನನ್ನಾದರೂ ಕೇಳಬಹುದೆಂಬ ಅಧಿಕಾರ ಈಗ 168ನೇ ಕಲಮಿನಲ್ಲಿದೆ. ಆ ಅಧಿಕಾರಕ್ಕೂ ಇದೇ ಎಚ್ಚರಿಕೆ ಅಂಟಿಕೊಂಡಿದೆ: 1981ರ ರಾಮ್ ಚಂದರ್ ತೀರ್ಪಿನಲ್ಲಿ ನಮ್ಮ ಸುಪ್ರೀಂ ಕೋರ್ಟು, ನ್ಯಾಯಾಧೀಶರು ಸುಮ್ಮನೆ ಕೂತು ನೋಡುವವರಾಗಬಾರದು, ಆದರೆ ಸರ್ಕಾರಿ ವಕೀಲರ ಪಾತ್ರ ವಹಿಸಿಕೊಳ್ಳಲೂಬಾರದು ಎಂದಿತು. ಜಪಾನಿನಲ್ಲಿ 2009ರಿಂದ ಗಂಭೀರ ಕೇಸುಗಳಲ್ಲಿ 3 ನ್ಯಾಯಾಧೀಶರ ಜೊತೆ ಕೂರುವ 6 ಸಾಮಾನ್ಯ ನಾಗರಿಕರು ಸಾಕ್ಷಿಯನ್ನು ನೇರವಾಗಿ ಕೇಳಬಹುದು. ಅಲ್ಲಿ ಚೀಟಿಯ ಜರಡಿ ಇಲ್ಲ, ನ್ಯಾಯಾಧೀಶರು ಪಕ್ಕದಲ್ಲೇ ಕೂತಿರುತ್ತಾರೆ.

ಕೊನೆಗೆ ಹೊತ್ತಿನ ಮಾತು. ಸಾಕ್ಷಿಯನ್ನು ಬಿಟ್ಟುಕೊಡಬಹುದೇ ಎಂದು ನ್ಯಾಯಾಧೀಶರು ಕೇಳಿ, ವಕೀಲರು ಹೂಂ ಎಂದು, ಅವರು ಎದ್ದು ಬಾಗಿಲು ದಾಟಿದ ಮೇಲೆ ಪ್ರಶ್ನೆಗೆ ಜಾಗವಿಲ್ಲ. ಬರೆಯುವುದು ಮುಗಿಯದಿದ್ದರೆ ಅವರು ಏಳುವ ಮುಂಚೆ ಬೇಲಿಫ್‌ಗೆ ಕಾಣುವಂತೆ ಕೈ ಎತ್ತಬೇಕು. ಯಾರಾದರೂ ನಡುವೆ ಬಿಟ್ಟರೆ ಇರಲೆಂದು ಒಬ್ಬಿಬ್ಬರನ್ನು ಹೆಚ್ಚಾಗಿ ಕೂರಿಸಿರುತ್ತಾರೆ; ಎಲ್ಲ ಮುಗಿದು ಆ ಹೆಚ್ಚುವರಿ ಜ್ಯೂರರ್ ಯಾರೆಂದು ಲಾಟರಿ ಎತ್ತಿದಾಗ, ಅತಿ ಮುಖ್ಯವಾದ ಪ್ರಶ್ನೆ ಕೇಳಿದವರೇ ಚರ್ಚೆಗೆ ಸೇರದೆ ಮನೆಗೆ ಹೋಗುವಂತಾಗಬಹುದು. ಉತ್ತರವನ್ನು ಅವರೊಬ್ಬರೇ ಬರೆದುಕೊಂಡಿದ್ದರೆ ಅದೂ ಅವರ ಪುಸ್ತಕದ ಜೊತೆಗೇ ಹೋಯಿತು. ಆದ್ದರಿಂದ ಯಾರದೇ ಚೀಟಿಯಾಗಿರಲಿ, ಬಂದ ಉತ್ತರವನ್ನು ಎಲ್ಲರೂ ಬರೆದುಕೊಳ್ಳಬೇಕು. ಚರ್ಚೆಯ ಕೋಣೆಯಿಂದಲೂ ನ್ಯಾಯಾಧೀಶರಿಗೆ ಪ್ರಶ್ನೆ ಕಳಿಸಬಹುದು, ಆದರೆ ಸಂಗತಿಯ ಬಗ್ಗೆ ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ: ಕೇಳಿದ ಸಾಕ್ಷ್ಯದ ನೆನಪಿನ ಮೇಲೆ ತೀರ್ಮಾನಿಸಿ.